ಡಿಪೆಂಡೆನ್ಸಿ ಇಂಜೆಕ್ಷನ್: ತಪ್ಪು ಗೊತ್ತಾಗೋದು ಯಾವಾಗ?

ತಮ್ಮ: ಅಕ್ಕ, ನಮ್ಮ ಪ್ರಾಜೆಕ್ಟಿನಲ್ಲಿ ಕ್ಲಾಸಿನ ತಲೆ ಮೇಲೆ ‘ಸರ್ವಿಸ್’ ಅಂತ ಒಂದು ಅನೊಟೇಶನ್ ಬರೆದರೆ ಸಾಕು, ಅದಕ್ಕೆ ಬೇಕಾದ್ದೆಲ್ಲ ತಾನಾಗೇ ಬಂದು ಕೂರುತ್ತೆ. ಯಾರು ತಂದುಕೊಟ್ಟರು ಅಂತ ಸೀನಿಯರ್‌ಗಳನ್ನ ಕೇಳಿದರೆ ‘ಸ್ಪ್ರಿಂಗ್ ನೋಡ್ಕೊಳ್ಳುತ್ತೆ ಬಿಡು’ ಅಂತಾರೆ. ಆ ಉತ್ತರದಿಂದ ನನಗೆ ಸಮಾಧಾನ ಆಗ್ತಿಲ್ಲ.

ಅಕ್ಕ: ಆಗಲೂಬಾರದು. ಅದರೊಳಗೆ ಇರೋದು ಐದಾರು ಭಾಗ ಅಷ್ಟೇ. ಬೇಕಾದರೆ ಕಾಗದದ ಮೇಲೆ ನಾವೇ ಒಂದು ಸಣ್ಣ ಕಂಟೇನರ್, ಅಂದರೆ ಆಬ್ಜೆಕ್ಟುಗಳನ್ನ ಮಾಡಿ ಜೋಡಿಸಿಕೊಡೋ ಯಂತ್ರ, ಕಟ್ಟೋಣ. ಆದರೆ ಒಂದೊಂದು ಭಾಗ ಬಂದಾಗಲೂ ನಾನು ನಿನ್ನನ್ನ ಒಂದೇ ಪ್ರಶ್ನೆ ಕೇಳ್ತೀನಿ: ಇಲ್ಲಿ ತಪ್ಪಾದರೆ ನಿನಗೆ ಯಾವಾಗ ಗೊತ್ತಾಗುತ್ತೆ?

ತಮ್ಮ: ಅದನ್ನೇ ಯಾಕೆ ಕೇಳ್ತೀಯ?

ಅಕ್ಕ: ಸ್ಪ್ರಿಂಗ್, ಗೈಸ್, ಡ್ಯಾಗರ್, ಡಾಟ್‌ನೆಟ್‌ನ ಕಂಟೇನರ್, ಎಲ್ಲ ಮಾಡೋ ಕೆಲಸ ಹೆಚ್ಚುಕಮ್ಮಿ ಒಂದೇ. ತಪ್ಪನ್ನ ಯಾವ ಹೊತ್ತಿಗೆ ನಿನ್ನ ಮುಂದಿಡುತ್ತೆ ಅನ್ನೋದರಲ್ಲಿ ಮಾತ್ರ ಒಂದೊಂದರ ಸ್ವಭಾವ ಒಂದೊಂದು. ಕಂಪೈಲ್ ಆಗುವಾಗ ಹೇಳೋದು ಒಂದು, ಸರ್ವರ್ ಶುರುವಾಗುವಾಗ ಹೇಳೋದು ಇನ್ನೊಂದು, ಗಿರಾಕಿ ಫೋನ್ ಮಾಡಿ ಬೈಯೋವರೆಗೂ ಸುಮ್ಮನಿರೋದು ಮತ್ತೊಂದು. ಉದಾಹರಣೆ ಹಿಡಿದೇ ಹೋಗೋಣ. ಶಾಲೆಯ ಫೀಸು ಕಟ್ಟಿಸಿಕೊಳ್ಳೋ ಒಂದು ಆ್ಯಪ್. ಅದರಲ್ಲಿ ‘ಫೀಸರ್ವಿಸ್’ ಅನ್ನೋ ಕ್ಲಾಸ್. ಹಣ ಬಂದದ್ದನ್ನ ಬರ್ಕೊಳ್ಳುತ್ತೆ, ರಸೀದಿ ಉಳಿಸುತ್ತೆ, ಅಪ್ಪ ಅಮ್ಮಂದಿರಿಗೆ ಎಸ್ಸೆಮ್ಮೆಸ್ ಕಳಿಸುತ್ತೆ. ತಿಂಗಳ ಹತ್ತನೇ ತಾರೀಕು ದಾಟಿದರೆ ದಂಡ ಸೇರಿಸುತ್ತೆ. ನೀನು ಹೇಗೆ ಬರೀತೀಯ?

ತಮ್ಮ: ಅದೇನು ಮಹಾ. ಡೇಟಾಬೇಸ್ ಕನೆಕ್ಷನ್ನು, ಎಸ್ಸೆಮ್ಮೆಸ್ ಕಳಿಸೋ ಆಬ್ಜೆಕ್ಟು ಎರಡನ್ನೂ ಫೀಸರ್ವಿಸ್ ಒಳಗೇ ‘ನ್ಯೂ’ ಹಾಕಿ ಮಾಡ್ಕೊಳ್ಳೋದು. ತಾರೀಕು ಬೇಕಾದಲ್ಲಿ ಸಿಸ್ಟಮ್ಮಿನ ತಾರೀಕು ಕೇಳೋದು.

ಅಕ್ಕ: ಸರಿ, ದಂಡದ ಲೆಕ್ಕ ನೋಡೋಕೆ ಒಂದು ಟೆಸ್ಟ್ ಬರಿ.

ತಮ್ಮ: ಹನ್ನೊಂದನೇ ತಾರೀಕು ಬರೋವರೆಗೂ ಕಾಯಬೇಕಾಗುತ್ತೆ. ಅದೂ ಅಲ್ಲದೆ ಟೆಸ್ಟ್ ಓಡಿಸಿದಾಗೆಲ್ಲ ಯಾರಿಗೋ ನಿಜವಾದ ಎಸ್ಸೆಮ್ಮೆಸ್ ಹೋಗುತ್ತೆ.

ಅಕ್ಕ: ಮದುವೆ ಮನೆಗೆ ಬರೋ ಅಡುಗೆ ಭಟ್ಟರು ಸಂತೆಗೆ ಹೋಗಿ ತರಕಾರಿ ಆರಿಸ್ತಾರಾ? ಇಷ್ಟು ಬೂದುಗುಂಬಳ, ಇಷ್ಟು ಬೇಳೆ, ಇಷ್ಟು ತುಪ್ಪ ಅಂತ ಪಟ್ಟಿ ಬರೆದುಕೊಡ್ತಾರೆ. ತಂದುಹಾಕೋದು ಮನೆಯವರ ಜವಾಬ್ದಾರಿ. ನಿನ್ನ ಫೀಸರ್ವಿಸ್ ಅಡುಗೆನೂ ಮಾಡಿ ಸಂತೆಗೂ ಹೋಗ್ತಿದೆ. ಪಟ್ಟಿ ಕೊಡೋದಷ್ಟೇ ಅದರ ಕೆಲಸ ಆಗಬೇಕು. ಪ್ರೋಗ್ರಾಮಿನಲ್ಲಿ ಆ ಪಟ್ಟಿಗೆ ಜಾಗ ಕನ್‌ಸ್ಟ್ರಕ್ಟರ್. ‘ನನಗೆ ಒಂದು ರಸೀದಿ ರೆಪೊಸಿಟರಿ, ಒಂದು ಮೆಸೇಜ್ ಸೆಂಡರ್, ಒಂದು ಗಡಿಯಾರ ಕೊಡಿ’ ಅಂತ ಅಲ್ಲಿ ಕೇಳಿದರೆ ಮುಗೀತು.

ತಮ್ಮ: ಗಡಿಯಾರ ಕೂಡಾನಾ?

ಅಕ್ಕ: ಕೂಡ. 2014ರಲ್ಲಿ ಜಾವಾ 8 ಬಂದಾಗ ‘ಕ್ಲಾಕ್’ ಅಂತ ಒಂದು ಕ್ಲಾಸನ್ನೇ ಸೇರಿಸಿದರು. ಪ್ರೊಡಕ್ಷನ್‌ನಲ್ಲಿ ನಿಜವಾದ ಸಮಯ ಹೇಳೋ ಕ್ಲಾಕ್ ಕೊಡು, ಟೆಸ್ಟ್‌ನಲ್ಲಿ ಹನ್ನೊಂದನೇ ತಾರೀಕಿಗೆ ನಿಂತುಬಿಟ್ಟ ಕ್ಲಾಕ್ ಕೊಡು. ಫೀಸರ್ವಿಸ್‌ಗೆ ಎರಡೂ ಒಂದೇ.

ತಮ್ಮ: ಇಷ್ಟೇನಾ ಡಿಪೆಂಡೆನ್ಸಿ ಇಂಜೆಕ್ಷನ್ ಅಂದರೆ? ಬೇಕಾದ್ದನ್ನ ಹೊರಗಿಂದ ಕೊಡೋದಕ್ಕೆ ಇಷ್ಟುದ್ದದ ಹೆಸರು!

ಅಕ್ಕ: ಇಷ್ಟೇ. ಹೆಸರು ನಿಂತದ್ದು 2004ರ ಜನವರಿಯಲ್ಲಿ, ಮಾರ್ಟಿನ್ ಫೌಲರ್ ಬರೆದ ಲೇಖನದಿಂದ. ಅದಕ್ಕೆ ಮುಂಚೆ ಇದನ್ನ ‘ಇನ್ವರ್ಶನ್ ಆಫ್ ಕಂಟ್ರೋಲ್’ ಅಂತ ಕರೀತಿದ್ದರು. ಯಾವ ಚೌಕಟ್ಟನ್ನ ಕೇಳಿದರೂ ತನ್ನಲ್ಲೂ ಅದು ಇದೆ ಅಂತಿತ್ತು. ಅಷ್ಟರಲ್ಲಾಗಲೇ ರಾಡ್ ಜಾನ್ಸನ್ 2002ರಲ್ಲಿ ಒಂದು ಪುಸ್ತಕ ಬರೆದಿದ್ದ. ಅದರ ಜತೆ ಕೊಟ್ಟ ಕೋಡೇ ಬೆಳೆದು ಸ್ಪ್ರಿಂಗ್ ಆಯಿತು. 2004ರ ಮಾರ್ಚ್‌ನಲ್ಲಿ ಅದರ 1.0 ಬಂತು. ಆಗ ಜಾವಾದವರು ಇಜೆಬಿ ಅನ್ನೋ ಭಾರ ಹೊತ್ತು ಸುಸ್ತಾಗಿದ್ದರು. ಒಂದು ಸಣ್ಣ ಲೆಕ್ಕ ಪರೀಕ್ಷಿಸೋಕೂ ಇಡೀ ಅಪ್ಲಿಕೇಶನ್ ಸರ್ವರ್ ಎಬ್ಬಿಸಬೇಕಾಗಿತ್ತು. ಸಾದಾ ಕ್ಲಾಸು ಸಾದಾ ಕ್ಲಾಸಾಗೇ ಇರಲಿ, ಜೋಡಿಸೋದನ್ನ ಇನ್ನೊಬ್ಬರು ಮಾಡಲಿ ಅನ್ನೋದು ಆ ಕಾಲದ ಬಂಡಾಯ.

ತಮ್ಮ: ಜೋಡಿಸೋ ಆ ಇನ್ನೊಬ್ಬರು ನಾನೇ ಯಾಕಾಗಬಾರದು? ‘ಮೇನ್’ ಫಂಕ್ಷನ್‌ನಲ್ಲಿ ಕೂತು ಮೊದಲು ಡೇಟಾಸೋರ್ಸ್, ಆಮೇಲೆ ರೆಪೊಸಿಟರಿ, ಆಮೇಲೆ ಫೀಸರ್ವಿಸ್ ಅಂತ ಸಾಲಾಗಿ ‘ನ್ಯೂ’ ಹಾಕ್ತಾ ಬಂದರೆ?

ಅಕ್ಕ: ಧಾರಾಳವಾಗಿ ಮಾಡಬಹುದು. ಸಣ್ಣ ಪ್ರೋಗ್ರಾಮಿಗೆ ನಾನು ಹೇಳೋದೂ ಅದನ್ನೇ. ಗೋ ಭಾಷೆಯವರು ಬಹಳಷ್ಟು ಜನ ಹಾಗೇ ಮಾಡ್ತಾರೆ. ಈಗ ನನ್ನ ಪ್ರಶ್ನೆ: ಒಂದನ್ನ ಕೊಡೋದು ಮರೆತರೆ ನಿನಗೆ ಯಾವಾಗ ಗೊತ್ತಾಗುತ್ತೆ?

ತಮ್ಮ: ತಕ್ಷಣ. ಕಂಪೈಲರ್ ಕೆಂಪು ಗೆರೆ ಎಳೆಯುತ್ತೆ.

ಅಕ್ಕ: ಇದನ್ನ ನೆನಪಿಟ್ಕೋ. ಕೈಯಿಂದ ಜೋಡಿಸಿದಾಗ ಸಿಗೋ ಭದ್ರತೆ ಇದು. ಜೋಡಿಸೋದನ್ನ ಕಂಟೇನರಿನ ಕೈಗೆ ಕೊಟ್ಟ ತಕ್ಷಣ ಇದನ್ನ ಒತ್ತೆ ಇಡ್ತೀಯ. ಅದಕ್ಕೆ ಬದಲಾಗಿ ಏನೇನು ಸಿಗುತ್ತೆ ಅನ್ನೋದೇ ಮುಂದಿನ ಕಥೆ. ನೂರಾರು ಕ್ಲಾಸುಗಳು ಬಂದಾಗ ಆ ‘ಮೇನ್’ ಉದ್ದವಾಗುತ್ತೆ, ಒಂದು ಕನ್‌ಸ್ಟ್ರಕ್ಟರ್ ಬದಲಾದರೆ ಅಲ್ಲೂ ಬದಲಾಯಿಸಬೇಕು, ಯಾವುದು ಮೊದಲು ಯಾವುದು ಆಮೇಲೆ ಅಂತ ನೀನೇ ಲೆಕ್ಕ ಇಡಬೇಕು. ಆ ಲೆಕ್ಕ ಯಂತ್ರಕ್ಕೆ ಬಿಡೋಣ ಅಂದುಕೋ. ಯಂತ್ರಕ್ಕೆ ಮೊದಲು ಏನು ಬೇಕು?

ತಮ್ಮ: ಏನು ಕೇಳಿದರೆ ಏನು ಕೊಡಬೇಕು ಅನ್ನೋ ಪಟ್ಟಿ. ಒಂದು ಮ್ಯಾಪ್ ಸಾಕು. ‘ಮೆಸೇಜ್‌ಸೆಂಡರ್’ ಅಂತ ಕೇಳಿದರೆ ‘ಎಸ್ಸೆಮ್ಮೆಸ್‌ಸೆಂಡರ್’ ಕೊಡು ಅಂತ.

ಅಕ್ಕ: ಅದೇ ಮೊದಲನೇ ಭಾಗ, ರಿಜಿಸ್ಟ್ರಿ. ಒಂದು ಸೂಕ್ಷ್ಮ ಗಮನಿಸು. ಆ ಮ್ಯಾಪಿನಲ್ಲಿ ಆಬ್ಜೆಕ್ಟ್ ಇರಲ್ಲ, ಆಬ್ಜೆಕ್ಟ್ ಮಾಡೋ ವಿಧಾನ ಇರುತ್ತೆ. ಕಂಟೇನರ್ ಮಾಡೋ ಆಬ್ಜೆಕ್ಟಿಗೆ ಸ್ಪ್ರಿಂಗ್‌ನಲ್ಲಿ ‘ಬೀನ್’ ಅಂತ ಹೆಸರು, ಅದನ್ನ ಮಾಡೋ ವಿಧಾನಕ್ಕೆ ‘ಬೀನ್‌ಡೆಫಿನಿಶನ್’ ಅಂತಾರೆ. ಯಾವ ಕ್ಲಾಸು, ಎಷ್ಟು ಕಾಲ ಬದುಕಬೇಕು, ಶುರುವಾದಾಗ ಯಾವ ಮೆಥಡ್ ಕರೀಬೇಕು, ಮುಗಿಯುವಾಗ ಯಾವುದು, ಇವಿಷ್ಟೂ ಅದರಲ್ಲಿರುತ್ತೆ. ಸ್ಪ್ರಿಂಗ್ ಮೊದಲು ಇವನ್ನೆಲ್ಲ ಓದಿ ಮುಗಿಸಿ, ಆಮೇಲೆ ಆಬ್ಜೆಕ್ಟ್ ಮಾಡೋಕೆ ಕೈ ಹಾಕುತ್ತೆ.

ತಮ್ಮ: ಈ ಪಟ್ಟಿ ತುಂಬೋದು ಯಾರು?

ಅಕ್ಕ: ಅಲ್ಲೇ ಒಂದೊಂದು ಕಾಲದಲ್ಲಿ ಒಂದೊಂದು ಪದ್ಧತಿ. ಮೊದಮೊದಲು ಸ್ಪ್ರಿಂಗ್‌ನಲ್ಲಿ ಎಲ್ಲ ಎಕ್ಸೆಮ್ಮೆಲ್. ಸಾವಿರಾರು ಸಾಲು ಇರ್ತಿತ್ತು. ಕ್ಲಾಸಿನ ಹೆಸರಲ್ಲಿ ಒಂದಕ್ಷರ ತಪ್ಪಿದರೂ ಎಡಿಟರ್ ಸುಮ್ಮನಿರ್ತಿತ್ತು, ಸರ್ವರ್ ಎಬ್ಬಿಸಿದಾಗಲೇ ಅಳು. 2007ರಲ್ಲಿ ಗೂಗಲ್‌ನಿಂದ ಗೈಸ್ ಬಂತು. ಬಾಬ್ ಲೀ ಮತ್ತು ಜತೆಗಾರರು ಬರೆದದ್ದು. ಪಟ್ಟಿಯನ್ನೂ ಜಾವಾದಲ್ಲೇ ಬರೆಯೋಣ, ಟೈಪ್ ತಪ್ಪಿದರೆ ಕಂಪೈಲರ್ ಹಿಡೀಲಿ ಅಂದರು. ಅದೇ ವರ್ಷ ಸ್ಪ್ರಿಂಗ್ 2.5 ಪ್ಯಾಕೇಜುಗಳನ್ನ ತಾನೇ ಜಾಲಾಡಿ, ಅನೊಟೇಶನ್ ಇರೋ ಕ್ಲಾಸುಗಳನ್ನ ಹುಡುಕಿ ಪಟ್ಟಿ ತುಂಬೋದನ್ನ ಶುರು ಮಾಡಿತು. ನಿನಗೆ ಮಾಯೆ ಥರ ಕಂಡದ್ದು ಆ ಜಾಲಾಟವೇ.

ತಮ್ಮ: ಹಾಗಾದರೆ ಒಂದು ಕ್ಲಾಸ್ ಬೇರೆ ಪ್ಯಾಕೇಜಿನಲ್ಲಿದ್ದು, ಜಾಲಾಡೋ ವ್ಯಾಪ್ತಿಗೆ ಬರದಿದ್ದರೆ?

ಅಕ್ಕ: ಪಟ್ಟಿಯಲ್ಲಿ ಇರಲ್ಲ. ಕೋಡ್ ಕಣ್ಣಿಗೆ ಸರಿಯಾಗೇ ಕಾಣುತ್ತೆ, ಸರ್ವರ್ ಎದ್ದೇಳಲ್ಲ. ಹೊಸಬರು ಅರ್ಧ ದಿನ ಕಳೆಯೋ ಜಾಗ ಅದು. ಇನ್ನೊಂದು ಮಜಾ ಕೇಳು. 2009ರಲ್ಲಿ ಬಾಬ್ ಲೀ, ರಾಡ್ ಜಾನ್ಸನ್ ಇಬ್ಬರೂ ಕೂಡಿ ಜಾವಾಕ್ಕೆ ಒಂದು ಸಮಾನ ನಿಯಮ ತಂದರು, ಜೆಎಸ್ಆರ್ 330. ಐದು ಅನೊಟೇಶನ್, ಒಂದು ಇಂಟರ್‌ಫೇಸ್, ಅಷ್ಟೇ. ‘ನನಗೆ ಇದು ಬೇಕು’ ಅಂತ ಕೇಳೋ ರೀತಿಗೆ ಅದರಲ್ಲಿ ನಿಯಮ ಇದೆ. ಪಟ್ಟಿ ತುಂಬೋ ರೀತಿಯನ್ನ ಅದು ಮುಟ್ಟಲೇ ಇಲ್ಲ. ಕೇಳೋದರಲ್ಲಿ ಎಲ್ಲರಿಗೂ ಒಮ್ಮತ, ಒದಗಿಸೋದರಲ್ಲಿ ಅವರವರ ದಾರಿ.

ತಮ್ಮ: ಈಗ ನನ್ನ ಮ್ಯಾಪಿಗೆ ಒಂದು ತೊಡಕು. ಎಸ್ಸೆಮ್ಮೆಸ್ ಜತೆಗೆ ವಾಟ್ಸ್ಆ್ಯಪ್ ಕಳಿಸೋ ಕ್ಲಾಸೂ ಬಂತು. ಎರಡೂ ಮೆಸೇಜ್‌ಸೆಂಡರೇ. ಯಾವುದನ್ನ ಕೊಡಲಿ?

ಅಕ್ಕ: ಕೀಲಿ ದೊಡ್ಡದಾಗಬೇಕು. ಬರೀ ಟೈಪ್ ಸಾಲದು, ಟೈಪು ಮತ್ತು ಒಂದು ಗುರುತು. ಗೈಸ್‌ನಲ್ಲಿ ‘ಕೀ’ ಅಂದರೇ ಅದು. ಸ್ಪ್ರಿಂಗ್‌ನಲ್ಲಿ ‘ಕ್ವಾಲಿಫೈಯರ್’, ಇಲ್ಲವೇ ಒಂದಕ್ಕೆ ‘ಪ್ರೈಮರಿ’ ಪಟ್ಟ. ಯಾವುದೂ ಇಲ್ಲದಿದ್ದರೆ ಸ್ಪ್ರಿಂಗ್ ಕನ್‌ಸ್ಟ್ರಕ್ಟರಿನ ಪ್ಯಾರಾಮೀಟರ್ ಹೆಸರು ನೋಡಿ, ಅದೇ ಹೆಸರಿನ ಬೀನ್ ಇದ್ದರೆ ಕೊಡುತ್ತೆ. ಅದೂ ಇಲ್ಲದಿದ್ದರೆ ‘ಒಂದು ಬೇಕಿತ್ತು, ಎರಡು ಸಿಕ್ಕವು’ ಅಂತ ಹೇಳಿ ನಿಂತುಬಿಡುತ್ತೆ.

ತಮ್ಮ: ಪ್ಯಾರಾಮೀಟರ್ ಹೆಸರಿನ ಮೇಲೆ ನಂಬಿಕೆ ಇಡೋದಾ? ಯಾರೋ ರಿಫ್ಯಾಕ್ಟರ್ ಮಾಡಿ ಹೆಸರು ಬದಲಾಯಿಸಿದರೆ?

ಅಕ್ಕ: ಆ ಭಯ ಸುಳ್ಳಲ್ಲ. ಅದಕ್ಕೆ ದೊಡ್ಡ ಸಾಕ್ಷಿ ಆಂಗ್ಯುಲರ್‌ಜೆಎಸ್, 2010ರಲ್ಲಿ ಬಂದದ್ದು. ಜಾವಾಸ್ಕ್ರಿಪ್ಟ್‌ನಲ್ಲಿ ಟೈಪ್ ಇಲ್ಲವಲ್ಲ, ಅದಕ್ಕೆ ಅವರು ಫಂಕ್ಷನ್ನನ್ನೇ ಅಕ್ಷರಗಳಾಗಿ ಮಾಡಿ ಓದಿ, ಆವರಣದೊಳಗಿನ ಪ್ಯಾರಾಮೀಟರ್ ಹೆಸರುಗಳನ್ನ ಹೆಕ್ಕಿ, ಆ ಹೆಸರಿನ ಸರ್ವಿಸ್ ತಂದುಕೊಡ್ತಿದ್ದರು. ನಿನ್ನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗೇ ಓಡೋದು. ಪ್ರೊಡಕ್ಷನ್‌ಗೆ ಹಾಕುವಾಗ ಫೈಲ್ ಚಿಕ್ಕದು ಮಾಡೋಕೆ ಮಿನಿಫೈ ಮಾಡ್ತಾರೆ. ಮಿನಿಫೈಯರ್ ಆ ಉದ್ದದ ಹೆಸರುಗಳನ್ನೆಲ್ಲ ‘ಎ’, ‘ಬಿ’ ಅಂತ ಮಾಡಿಬಿಡೋದು. ಆಗ ಕಂಟೇನರ್ ‘ಎ’ ಅನ್ನೋ ಸರ್ವಿಸ್ ಹುಡುಕಿಕೊಂಡು ಹೋಗಿ ಬೀಳೋದು.

ತಮ್ಮ: ಅಯ್ಯೋ! ಬರೆದವನ ಮಶೀನಿನಲ್ಲಿ ಎಂದೂ ಕಾಣದ ತಪ್ಪು.

ಅಕ್ಕ: ಕೊನೆಗೆ ಹೆಸರುಗಳನ್ನ ಉದ್ಧರಣ ಚಿಹ್ನೆಯೊಳಗೆ ಪಟ್ಟಿಯಾಗಿ ಇನ್ನೊಮ್ಮೆ ಬರೆಯೋ ಪದ್ಧತಿ ಬಂತು. ಸ್ಟ್ರಿಂಗನ್ನ ಮಿನಿಫೈಯರ್ ಮುಟ್ಟಲ್ಲವಲ್ಲ. ಹಾಗೆ ಬರೆಯದಿದ್ದರೆ ಲ್ಯಾಪ್‌ಟಾಪಿನಲ್ಲೇ ಬೀಳೋ ಹಾಗೆ ಮಾಡೋ ಕಟ್ಟುನಿಟ್ಟಿನ ಮೋಡನ್ನೂ 1.3ರಲ್ಲಿ ಸೇರಿಸಿದರು. ನೋಡು, ಪರಿಹಾರ ಅಂದರೆ ತಪ್ಪು ಕಾಣಿಸೋ ಹೊತ್ತನ್ನ ಹಿಂದಕ್ಕೆ ಎಳೆದದ್ದು. ಸರಿ, ಪಟ್ಟಿ ಆಯಿತು. ಇನ್ನು ಫೀಸರ್ವಿಸ್ ಬೇಕು ಅಂತ ಕಂಟೇನರನ್ನ ಕೇಳಿದೆ. ಅದು ಏನು ಮಾಡಬೇಕು?

ತಮ್ಮ: ಕನ್‌ಸ್ಟ್ರಕ್ಟರ್ ನೋಡಬೇಕು. ಮೂರು ವಸ್ತು ಕೇಳ್ತಿದೆ. ಮೊದಲನೇದು ರೆಪೊಸಿಟರಿ. ಅದರ ಕನ್‌ಸ್ಟ್ರಕ್ಟರ್ ನೋಡಿದರೆ ಅದಕ್ಕೆ ಡೇಟಾಸೋರ್ಸ್ ಬೇಕು. ಡೇಟಾಸೋರ್ಸ್‌ಗೆ ಸೆಟ್ಟಿಂಗ್ಸ್ ಬೇಕು. ಸೆಟ್ಟಿಂಗ್ಸ್‌ಗೆ ಏನೂ ಬೇಡ. ಅಲ್ಲಿಂದ ಮಾಡ್ತಾ ವಾಪಸ್ ಮೇಲಕ್ಕೆ ಬರೋದು. ರಿಕರ್ಶನ್!

ಅಕ್ಕ: ಅದೇ ಎರಡನೇ ಭಾಗ, ರಿಸಾಲ್ವರ್. ನಿನ್ನ ಇಡೀ ಪ್ರೋಗ್ರಾಮ್ ಒಂದು ಗ್ರಾಫ್. ಬಾಣಗಳ ಗುರುತು ಹಿಡಿದು ತಳಕ್ಕೆ ಇಳಿಯೋದು, ತಳದಿಂದ ಕಟ್ಟಿಕೊಂಡು ಬರೋದು. ಬರೆಯೋಕೆ ಹತ್ತಿಪ್ಪತ್ತು ಸಾಲು ಸಾಕು. ಆದರೆ ಫೀಸರ್ವಿಸ್‌ಗೆ ರಿಮೈಂಡರ್‌ಸರ್ವಿಸ್ ಬೇಕು, ರಿಮೈಂಡರ್‌ಸರ್ವಿಸ್‌ಗೆ ಬಾಕಿ ಎಷ್ಟು ಅಂತ ಕೇಳೋಕೆ ಫೀಸರ್ವಿಸ್ ಬೇಕು ಅಂದರೆ?

ತಮ್ಮ: ಸುತ್ತುತ್ತಾ ಸುತ್ತುತ್ತಾ ಸ್ಟ್ಯಾಕ್ ತುಂಬಿ ಬೀಳುತ್ತೆ. ‘ಈಗ ಮಾಡ್ತಾ ಇರೋದು’ ಅಂತ ಇನ್ನೊಂದು ಪಟ್ಟಿ ಇಟ್ಕೋಬೇಕು. ಅದರಲ್ಲಿರೋದೇ ಮತ್ತೆ ಎದುರಾದರೆ ‘ಚಕ್ರ ಇದೆ’ ಅಂತ ಕೂಗಬೇಕು.

ಅಕ್ಕ: ಸ್ಪ್ರಿಂಗ್ ಮೇಲೆ ಕಟ್ಟಿದ ಸ್ಪ್ರಿಂಗ್ ಬೂಟ್ ಆ ಚಕ್ರವನ್ನ ಗೆರೆ, ಬಾಣ ಸಮೇತ ಲಾಗ್‌ನಲ್ಲಿ ಚಿತ್ರ ಬಿಡಿಸಿ ತೋರಿಸುತ್ತೆ. ಆದರೆ ಇದರ ಹಿಂದೆ ಒಂದು ಇತಿಹಾಸ ಇದೆ. ಕನ್‌ಸ್ಟ್ರಕ್ಟರ್‌ನಲ್ಲಿ ಕೇಳಿದರೆ ಚಕ್ರ ಕಟ್ಟೋಕೆ ಸಾಧ್ಯವೇ ಇಲ್ಲ, ಯಾವುದನ್ನ ಮೊದಲು ಮಾಡೋದು? ಆದರೆ ಖಾಸಗಿ ಫೀಲ್ಡ್ ಮೇಲೆ ‘ಆಟೋವೈರ್ಡ್’ ಅಂತ ಬರೆದರೆ, ಸ್ಪ್ರಿಂಗ್ ಮೊದಲು ಖಾಲಿ ಆಬ್ಜೆಕ್ಟ್ ಮಾಡಿ, ಅರೆಬೆಂದ ಅದನ್ನೇ ಇನ್ನೊಂದಕ್ಕೆ ಕೊಟ್ಟು, ಆಮೇಲೆ ರಿಫ್ಲೆಕ್ಷನ್‌ನಿಂದ, ಅಂದರೆ ಓಡುವಾಗಲೇ ಕ್ಲಾಸಿನ ಒಳಗೆ ಕೈಹಾಕಿ, ಖಾಲಿ ಜಾಗ ತುಂಬುತ್ತೆ. ಹಾಗಾಗಿ ಎಷ್ಟೋ ವರ್ಷ ಪ್ರಾಜೆಕ್ಟುಗಳಲ್ಲಿ ಚಕ್ರಗಳು ಯಾರ ಕಣ್ಣಿಗೂ ಬೀಳದೆ ಬೆಳೆದವು. 2021ರ ನವೆಂಬರ್‌ನಲ್ಲಿ ಸ್ಪ್ರಿಂಗ್ ಬೂಟ್ 2.6 ಬಂದಾಗ ಚಕ್ರಗಳನ್ನ ಡೀಫಾಲ್ಟ್ ಆಗಿ ನಿಷೇಧಿಸಿದರು. ಅಪ್‌ಗ್ರೇಡ್ ಮಾಡಿದವರ ಸರ್ವರ್ ಏಳಲಿಲ್ಲ.

ತಮ್ಮ: ಬೈದುಕೊಂಡಿರಬೇಕು ಜನ.

ಅಕ್ಕ: ಬೈದರು, ಸೆಟ್ಟಿಂಗ್ ಬದಲಾಯಿಸಿ ಹಳೇ ದಾರಿಗೇ ಹೋದವರೂ ಇದ್ದಾರೆ. ಆದರೆ ಚಕ್ರ ಅಂದರೆ ಸಾಮಾನ್ಯವಾಗಿ ಎರಡು ಕ್ಲಾಸಿನ ಕೆಲಸ ಸರಿಯಾಗಿ ಹಂಚಿಲ್ಲ ಅಂತ ಅರ್ಥ. ನಮ್ಮ ಉದಾಹರಣೆಯಲ್ಲಿ ಬಾಕಿ ಲೆಕ್ಕವನ್ನ ಮೂರನೇ ಕ್ಲಾಸಿಗೆ ತೆಗೆದರೆ ಚಕ್ರ ಬಿಚ್ಚಿಹೋಗುತ್ತೆ. ಕನ್‌ಸ್ಟ್ರಕ್ಟರ್‌ನಲ್ಲೇ ಕೇಳು ಅಂತ ನಾನು ಹಟ ಮಾಡೋದು ಇದಕ್ಕೇ. ಹನ್ನೆರಡು ಪ್ಯಾರಾಮೀಟರ್ ಇರೋ ಕನ್‌ಸ್ಟ್ರಕ್ಟರ್ ನೋಡಿದರೆ ಕಣ್ಣಿಗೆ ಚುಚ್ಚುತ್ತೆ. ಹನ್ನೆರಡು ಫೀಲ್ಡ್ ಇದ್ದರೆ ಯಾರೂ ಎಣಿಸೋಕೆ ಹೋಗಲ್ಲ. 2016ರ ಸ್ಪ್ರಿಂಗ್ 4.3ರಿಂದ ಒಂದೇ ಕನ್‌ಸ್ಟ್ರಕ್ಟರ್ ಇದ್ದರೆ ಅನೊಟೇಶನ್ ಕೂಡ ಬೇಕಿಲ್ಲ, ಸಾದಾ ಕ್ಲಾಸ್ ಸಾದಾ ಆಗೇ ಉಳಿಯುತ್ತೆ.

ತಮ್ಮ: ಈ ಗ್ರಾಫ್ ಹೇಗಿದ್ದರೂ ಕೋಡ್‌ನಲ್ಲೇ ಇದೆಯಲ್ಲ? ಸರ್ವರ್ ಏಳೋವರೆಗೂ ಯಾಕೆ ಕಾಯಬೇಕು? ಕಂಪೈಲ್ ಮಾಡುವಾಗಲೇ ನೋಡಿದರಾಗದಾ?

ಅಕ್ಕ: ಆ ಯೋಚನೆಯಿಂದ ಹುಟ್ಟಿದ್ದೇ ಡ್ಯಾಗರ್. 2012ರಲ್ಲಿ ಸ್ಕ್ವೇರ್ ಕಂಪನಿಯವರು ಶುರು ಮಾಡಿದರು, ಎರಡನೇ ಆವೃತ್ತಿಯನ್ನ ಗೂಗಲ್ 2015ರಲ್ಲಿ ತಂದಿತು. ಆಂಡ್ರಾಯ್ಡ್ ಫೋನಿನಲ್ಲಿ ಆ್ಯಪ್ ತೆರೆದ ಕೂಡಲೇ ರಿಫ್ಲೆಕ್ಷನ್ ಮಾಡ್ತಾ ಕೂತರೆ ಬಳಕೆದಾರ ಕಾಯಲ್ಲ. ಅದಕ್ಕೆ ಡ್ಯಾಗರ್ ಕಂಪೈಲ್ ಹೊತ್ತಲ್ಲೇ ಇಡೀ ಗ್ರಾಫ್ ಬಿಡಿಸಿ, ನೀನು ಕೈಯಿಂದ ಬರೀತಿದ್ದ ಆ ‘ನ್ಯೂ’ ಸಾಲುಗಳನ್ನ ತಾನೇ ಜಾವಾ ಫೈಲಾಗಿ ಬರೆದುಕೊಡುತ್ತೆ. ಬೇಕಾದರೆ ತೆರೆದು ಓದಬಹುದು. ಒಂದು ವಸ್ತು ಕಮ್ಮಿ ಇದ್ದರೆ, ಚಕ್ರ ಇದ್ದರೆ ಬಿಲ್ಡೇ ಆಗಲ್ಲ. ಸರ್ವರ್ ಕಡೆ ಮೈಕ್ರೋನಾಟ್, ಕ್ವಾರ್ಕಸ್ ಬಂದದ್ದೂ ಇದೇ ದಾರಿಯಲ್ಲಿ.

ತಮ್ಮ: ಹಾಗಾದರೆ ಎಲ್ಲರೂ ಅದನ್ನೇ ಬಳಸಬಹುದಲ್ಲ. ಸ್ಪ್ರಿಂಗ್ ಯಾಕೆ ಇನ್ನೂ ಬೇಕು?

ಅಕ್ಕ: ಗ್ರಾಫ್ ಮೊದಲೇ ಗಟ್ಟಿಯಾದರೆ ಓಡುವಾಗ ಬಗ್ಗಿಸೋಕಾಗಲ್ಲ. ಈ ಸೆಟ್ಟಿಂಗ್ ಇದ್ದರೆ ಈ ಕ್ಲಾಸು, ಆ ಲೈಬ್ರರಿ ಸಿಕ್ಕರೆ ಆ ಕ್ಲಾಸು ಅಂತ ಸರ್ವರ್ ಏಳುವಾಗ ತೀರ್ಮಾನಿಸೋದು ಸ್ಪ್ರಿಂಗ್ ಬೂಟ್‌ನ ಬಲ. ಬಿಲ್ಡ್ ನಿಧಾನ ಆಗೋದು, ತಪ್ಪಿನ ಸಂದೇಶ ಉದ್ದುದ್ದ ಬರೋದು ಡ್ಯಾಗರ್‌ನ ಖರ್ಚು. ಅಲ್ಲದೆ ಸ್ಪ್ರಿಂಗ್ ಸಿಂಗಲ್ಟನ್ನುಗಳನ್ನೆಲ್ಲ, ಅಂದರೆ ಇಡೀ ಪ್ರೋಗ್ರಾಮಿಗೆ ಒಂದೊಂದೇ ಇರೋ ಆಬ್ಜೆಕ್ಟುಗಳನ್ನ, ಏಳುವಾಗಲೇ ಮಾಡಿಡುತ್ತೆ, ಹಾಗಾಗಿ ಕೊರತೆ ಏನಿದ್ದರೂ ಗಿರಾಕಿ ಬರೋ ಮೊದಲೇ ಗೊತ್ತಾಗುತ್ತೆ. 2019ರ ಸ್ಪ್ರಿಂಗ್ ಬೂಟ್ 2.2ರಲ್ಲಿ ‘ಲೇಜಿ’ ಅಂತ ಒಂದು ಸ್ವಿಚ್ ಕೊಟ್ಟರು. ಬೇಕಾದಾಗಷ್ಟೇ ಮಾಡು ಅಂತ. ಸರ್ವರ್ ಬೇಗ ಏಳುತ್ತೆ. ಏನು ಕಳ್ಕೊಂಡೆ ಹೇಳು?

ತಮ್ಮ: ಕೊರತೆ ಇದ್ದರೆ ಮೊದಲನೇ ಗಿರಾಕಿ ಬಂದಾಗ ಗೊತ್ತಾಗುತ್ತೆ. ಲ್ಯಾಪ್‌ಟಾಪಿನಲ್ಲಿ ಸರಿ, ಪ್ರೊಡಕ್ಷನ್‌ನಲ್ಲಿ ಬೇಡ.

ಅಕ್ಕ: ಈಗ ಮೂರನೇದು, ಜನ ಅತಿ ಹೆಚ್ಚು ಎಡವೋದು. ಕಂಟೇನರ್ ಮಾಡಿದ ಆಬ್ಜೆಕ್ಟ್ ಎಷ್ಟು ಕಾಲ ಬದುಕಬೇಕು?

ತಮ್ಮ: ಕೇಳಿದಾಗೆಲ್ಲ ಹೊಸದು ಮಾಡಿದರೆ ಶುದ್ಧವಾಗಿರುತ್ತಲ್ಲ?

ಅಕ್ಕ: ಡೇಟಾಸೋರ್ಸ್ ಹಾಗೆ ಮಾಡಿ ನೋಡು. ಜಾವಾದಲ್ಲಿ ಸಾಮಾನ್ಯವಾಗಿ ಬಳಸೋ ಕನೆಕ್ಷನ್ ಪೂಲ್ ಹಿಕಾರಿ. ಏನೂ ಹೇಳದಿದ್ದರೆ ಒಂದು ಪೂಲ್ 10 ಕನೆಕ್ಷನ್ ತೆರೆದಿಟ್ಕೊಳ್ಳುತ್ತೆ. ಪೋಸ್ಟ್‌ಗ್ರೆಸ್ ಏನೂ ಹೇಳದಿದ್ದರೆ ಒಟ್ಟು 100 ಕನೆಕ್ಷನ್ ಬಿಡುತ್ತೆ, ಅದರಲ್ಲಿ 3 ಸೂಪರ್‌ಯೂಸರ್‌ಗೆ ಮೀಸಲು. ಫೀಸು ಕಟ್ಟೋಕೆ ಹತ್ತು ಜನ ಒಟ್ಟಿಗೆ ಬಂದು, ಒಬ್ಬೊಬ್ಬರಿಗೆ ಒಂದು ಹೊಸ ಪೂಲ್ ಆದರೆ ಹತ್ತನೇ ಪೂಲಿಗೆ ಪೂರ್ತಿ ಕನೆಕ್ಷನ್ ಸಿಗಲ್ಲ. ಹನ್ನೊಂದನೆಯವರಿಗೆ ಬಾಗಿಲೇ ಮುಚ್ಚಿರುತ್ತೆ.

ತಮ್ಮ: ಟೆಸ್ಟ್‌ನಲ್ಲಿ ಒಬ್ಬನೇ ಇದ್ದಾಗ ಏನೂ ಆಗಲ್ಲ!

ಅಕ್ಕ: ಅದಕ್ಕೇ ಡೇಟಾಸೋರ್ಸ್ ಸಿಂಗಲ್ಟನ್, ಇಡೀ ಪ್ರೋಗ್ರಾಮಿಗೆ ಒಂದು. ಈಗ ಲಾಗಿನ್ ಆಗಿರೋ ಪೋಷಕರು ಯಾರು ಅನ್ನೋ ಆಬ್ಜೆಕ್ಟ್? ಅದು ಒಂದು ರಿಕ್ವೆಸ್ಟ್ ಇರೋವರೆಗೆ ಮಾತ್ರ. ಸಿಂಗಲ್ಟನ್, ರಿಕ್ವೆಸ್ಟ್, ಕೇಳಿದಾಗೆಲ್ಲ ಹೊಸದು. ಸ್ಕೋಪ್ ಅಂದರೆ ಮುಖ್ಯವಾಗಿ ಇವೇ. ಕಂಟೇನರ್ ಒಳಗೆ ಸ್ಕೋಪ್ ಅಂದರೆ ಇನ್ನೊಂದು ಮ್ಯಾಪ್ ಅಷ್ಟೇ. ಸಿಂಗಲ್ಟನ್‌ಗೆ ಕೊನೆವರೆಗೂ ಉಳಿಯೋ ಮ್ಯಾಪ್, ರಿಕ್ವೆಸ್ಟ್‌ಗೆ ರಿಕ್ವೆಸ್ಟ್ ಮುಗಿದ ಕೂಡಲೇ ಬಿಸಾಡೋ ಮ್ಯಾಪ್.

ತಮ್ಮ: ಸಿಂಗಲ್ಟನ್ ಒಂದು, ರಿಕ್ವೆಸ್ಟ್‌ನದನ್ನ ಒಳಗಿಟ್ಟುಕೊಂಡುಬಿಟ್ಟರೆ?

ಅಕ್ಕ: ಇದೇ ನೋಡು ವಿಷ. ಕನ್‌ಸ್ಟ್ರಕ್ಟರ್ ಒಮ್ಮೆ ಓಡುತ್ತೆ. ಆಗ ಸಿಕ್ಕಿದ್ದನ್ನ ಸಿಂಗಲ್ಟನ್ ಕೊನೆವರೆಗೂ ಬಿಡಲ್ಲ. ಮೊದಲು ಬಂದ ತಾಯಿಯ ಹೆಸರು, ಆಮೇಲೆ ಬಂದವರ ರಸೀದಿಗೆಲ್ಲ ಬೀಳುತ್ತೆ. ಡಾಟ್‌ನೆಟ್ ಜಗತ್ತಿನ ಮಾರ್ಕ್ ಸೀಮನ್ ಇದಕ್ಕೆ ‘ಕ್ಯಾಪ್ಟಿವ್ ಡಿಪೆಂಡೆನ್ಸಿ’ ಅಂತ ಹೆಸರಿಟ್ಟ. ಅಲ್ಲಿ ಡೇಟಾಬೇಸ್ ಮಾತಾಡಿಸೋ ‘ಡಿಬಿಕಾಂಟೆಕ್ಸ್ಟ್’ ರಿಕ್ವೆಸ್ಟಿಗೊಂದು, ಎರಡು ಥ್ರೆಡ್ ಒಟ್ಟಿಗೆ ಮುಟ್ಟಬಾರದ್ದು. ಅದನ್ನ ಸಿಂಗಲ್ಟನ್ ಹಿಡ್ಕೊಂಡರೆ ಜನ ಹೆಚ್ಚಾದ ದಿನ ಕುಸಿಯುತ್ತೆ. ಎಎಸ್‌ಪಿ ಡಾಟ್‌ನೆಟ್ ಕೋರ್ ಇದನ್ನ ಪತ್ತೆ ಹಚ್ಚುತ್ತೆ, ಆದರೆ ಡೀಫಾಲ್ಟ್ ಆಗಿ ಡೆವಲಪ್‌ಮೆಂಟ್ ಮೋಡ್‌ನಲ್ಲಿ ಮಾತ್ರ. ಪ್ರೊಡಕ್ಷನ್ ಮೋಡ್‌ನಲ್ಲಷ್ಟೇ ಸೇರೋ ಕ್ಲಾಸಿನಲ್ಲಿ ಈ ತಪ್ಪಿದ್ದರೆ ಸದ್ದೇ ಇರಲ್ಲ.

ತಮ್ಮ: ಇದನ್ನ ನಾನು ಎಲ್ಲೋ ನೋಡಿದ್ದೀನಿ ಅಕ್ಕ. ಪೈಟೆಸ್ಟ್‌ನಲ್ಲಿ! ಇಡೀ ಸೆಶನ್‌ಗೆ ಒಂದು ಅಂತ ಇಟ್ಟ ಫಿಕ್ಸ್ಚರ್, ಟೆಸ್ಟಿಗೊಂದು ಅಂತ ಇಟ್ಟ ಫಿಕ್ಸ್ಚರನ್ನ ಕೇಳಿದರೆ ‘ಸ್ಕೋಪ್‌ಮಿಸ್‌ಮ್ಯಾಚ್’ ಅಂತ ಎರರ್ ಬರುತ್ತೆ.

ಅಕ್ಕ: ಭೇಷ್! ಪೈಟೆಸ್ಟ್ ಫಿಕ್ಸ್ಚರ್ ಅಂದರೆ ಕಂಟೇನರೇ ಕಣೋ, ಹಣೆಪಟ್ಟಿ ಬೇರೆ ಅಷ್ಟೇ. ಪ್ಯಾರಾಮೀಟರ್ ಹೆಸರು ಕೀಲಿ, ಡೆಕೊರೇಟರ್ ಇರೋ ಫಂಕ್ಷನ್ ರಿಜಿಸ್ಟ್ರಿ, ಫಿಕ್ಸ್ಚರ್ ಇನ್ನೊಂದು ಫಿಕ್ಸ್ಚರ್ ಕೇಳಿದರೆ ಗ್ರಾಫ್. ‘ಯೀಲ್ಡ್’ ಆದಮೇಲೆ ಏನು ಬರೀತೀಯ?

ತಮ್ಮ: ಮುಚ್ಚೋ ಕೆಲಸ. ಫೈಲ್ ಕ್ಲೋಸ್, ಟೇಬಲ್ ಖಾಲಿ.

ಅಕ್ಕ: ಅದೇ ನಾಲ್ಕನೇ ಭಾಗ. ಹುಟ್ಟಿಸಿದವರೇ ಮುಗಿಸಬೇಕು. ಶುರುವಿಗೆ ‘ಪೋಸ್ಟ್‌ಕನ್‌ಸ್ಟ್ರಕ್ಟ್’, ಕೊನೆಗೆ ‘ಪ್ರೀಡೆಸ್ಟ್ರಾಯ್’. ಮುಗಿಸೋದು ಕಟ್ಟಿದ್ದರ ಉಲ್ಟಾ ಕ್ರಮದಲ್ಲಿ. ಮೊದಲು ಫೀಸರ್ವಿಸ್, ಆಮೇಲೆ ರೆಪೊಸಿಟರಿ, ಎಲ್ಲ ಆದಮೇಲೆ ಪೂಲ್. ಪೂಲ್ ಮೊದಲೇ ಮುಚ್ಚಿದರೆ ಅರ್ಧ ಬರೆದ ರಸೀದಿ ಅಲ್ಲೇ ನಿಲ್ಲುತ್ತೆ. ಇಲ್ಲೂ ಒಂದು ಮೌನ ಇದೆ. ಸ್ಪ್ರಿಂಗ್‌ನಲ್ಲಿ ‘ಪ್ರೋಟೊಟೈಪ್’, ಅಂದರೆ ಕೇಳಿದಾಗೆಲ್ಲ ಹೊಸದು ಅನ್ನೋ ಸ್ಕೋಪ್‌ನದನ್ನ ಮಾಡಿಕೊಟ್ಟ ಮೇಲೆ ಕಂಟೇನರ್ ಕೈತೊಳೆದುಕೊಳ್ಳುತ್ತೆ, ಅದರ ‘ಪ್ರೀಡೆಸ್ಟ್ರಾಯ್’ ಕರೆಯಲ್ಲ. ಅದರೊಳಗೆ ಫೈಲ್ ತೆರೆದಿದ್ದರೆ ಮುಚ್ಚೋದು ನಿನ್ನ ತಲೆನೋವು.

ತಮ್ಮ: ಐದನೇದು?

ಅಕ್ಕ: ಪ್ರಾಕ್ಸಿ. ಆಬ್ಜೆಕ್ಟ್ ಹಂಚೋದೆಲ್ಲ ಕಂಟೇನರ್ ಕೈಲೇ ಇದ್ದರೆ, ಅಸಲಿ ಆಬ್ಜೆಕ್ಟ್ ಬದಲು ಅದಕ್ಕೊಂದು ಹೊದಿಕೆ ಹೊದಿಸಿ ಕೊಡಬಹುದಲ್ಲ? ಫೀಸರ್ವಿಸ್‌ನ ಒಂದು ಮೆಥಡ್ ಮೇಲೆ ‘ಟ್ರಾನ್ಸಾಕ್ಷನಲ್’ ಅಂತ ಬರೆದರೆ ಆ ಹೊದಿಕೆ ಮೊದಲು ಟ್ರಾನ್ಸಾಕ್ಷನ್ ತೆರೆದು, ನಿನ್ನ ಮೆಥಡ್ ಕರೆದು, ಸರಿಯಾದರೆ ಕಮಿಟ್, ಎಡವಿದರೆ ರೋಲ್‌ಬ್ಯಾಕ್ ಮಾಡುತ್ತೆ. ಸ್ಪ್ರಿಂಗ್ ಗೆದ್ದದ್ದರಲ್ಲಿ ಇದರ ಪಾಲು ದೊಡ್ಡದು. ಈಗ ನೋಡು: ಫೀಸರ್ವಿಸ್‌ನದೇ ಇನ್ನೊಂದು ಸಾದಾ ಮೆಥಡ್, ಈ ಟ್ರಾನ್ಸಾಕ್ಷನ್ ಇರೋ ಮೆಥಡನ್ನ ಒಳಗಿಂದಲೇ ಕರೆದರೆ?

ತಮ್ಮ: ಒಳಗಿಂದ ಅಂದರೆ ‘ದಿಸ್’. ‘ದಿಸ್’ ಅಂದರೆ ಅಸಲಿ ಆಬ್ಜೆಕ್ಟ್... ಹೊದಿಕೆ ದಾಟೋದೇ ಇಲ್ಲ! ಟ್ರಾನ್ಸಾಕ್ಷನ್ ತೆರೆಯೋದೇ ಇಲ್ಲ!

ಅಕ್ಕ: ಅನೊಟೇಶನ್ ಕಣ್ಣೆದುರೇ ಇರುತ್ತೆ. ಕಂಪೈಲ್ ಆಗುತ್ತೆ, ಸರ್ವರ್ ಏಳುತ್ತೆ, ಟೆಸ್ಟೂ ಪಾಸಾಗುತ್ತೆ. ಹಣ ಬರ್ಕೊಂಡು ರಸೀದಿ ಬರೆಯೋ ಹೊತ್ತಿಗೆ ಏನೋ ಎಡವಿದ ದಿನ, ಹಣ ಮಾತ್ರ ದಾಖಲಾಗಿ ರಸೀದಿ ಇಲ್ಲ. ನಾವು ಹೇಳಿದ ತಪ್ಪುಗಳಲ್ಲಿ ಎಲ್ಲಕ್ಕಿಂತ ತಡವಾಗಿ ಕಾಣೋದು ಇದು.

ತಮ್ಮ: ಇಷ್ಟೆಲ್ಲ ತಾಪತ್ರಯ ಯಾಕೆ? ಕಂಟೇನರನ್ನ ಎಲ್ಲರಿಗೂ ಸಿಗೋ ಹಾಗೆ ಇಟ್ಟು, ಫೀಸರ್ವಿಸ್ ತನಗೆ ಬೇಕಾದಾಗ ‘ಮೆಸೇಜ್‌ಸೆಂಡರ್ ಕೊಡು’ ಅಂತ ಕೇಳಿ ತಗೊಂಡರೆ ಸರಳ ಅಲ್ವಾ?

ಅಕ್ಕ: ಅದು ಸರ್ವಿಸ್ ಲೊಕೇಟರ್. ಫೌಲರ್ ತನ್ನ ಲೇಖನದಲ್ಲಿ ಎರಡನ್ನೂ ತೂಗಿ ನೋಡಿ, ಈ ಎರಡರಲ್ಲಿ ಯಾವುದು ಅನ್ನೋದಕ್ಕಿಂತ, ಜೋಡಿಸೋ ಕೆಲಸವನ್ನ ಬಳಸೋ ಕೆಲಸದಿಂದ ಬೇರೆ ಇಡೋದು ದೊಡ್ಡದು ಅಂದಿದ್ದ. ನಾನು ಅವನಿಗಿಂತ ಸ್ವಲ್ಪ ಕಟುವಾಗಿ ಹೇಳ್ತೀನಿ. ಲೊಕೇಟರ್ ಬಳಸಿದರೆ ಫೀಸರ್ವಿಸ್‌ಗೆ ಏನೇನು ಬೇಕು ಅಂತ ಕನ್‌ಸ್ಟ್ರಕ್ಟರ್ ನೋಡಿ ತಿಳಿಯಲ್ಲ, ಮೆಥಡಿನ ಮಧ್ಯದ ಸಾಲುಗಳಲ್ಲಿ ಹುಡುಕಬೇಕು. ಕಂಟೇನರಿಗೂ ಗ್ರಾಫ್ ಕಾಣಲ್ಲ. ಹಾಗಾಗಿ ಅದು ಮೊದಲೇ ಎಚ್ಚರಿಸೋಕೂ ಆಗಲ್ಲ. ಆ ಸಾಲು ಓಡಿದ ದಿನವೇ ಕೊರತೆ ಗೊತ್ತಾಗೋದು.

ತಮ್ಮ: ಅಂದರೆ ಕಂಟೇನರ್ ಇದೆ ಅಂತ ಫೀಸರ್ವಿಸ್‌ಗೆ ಗೊತ್ತೇ ಇರಬಾರದು.

ಅಕ್ಕ: ಆರನೇ ಭಾಗ ಅದೇ, ಇದು ಕಂಟೇನರ್ ಒಳಗಿಲ್ಲ, ನಿನ್ನ ಪ್ರೋಗ್ರಾಮಿನಲ್ಲಿದೆ. ಸೀಮನ್ ಇದಕ್ಕೆ ‘ಕಾಂಪೊಸಿಶನ್ ರೂಟ್’ ಅಂತಾನೆ. ‘ಮೇನ್’ ಪಕ್ಕದಲ್ಲಿ ಒಂದೇ ಜಾಗ. ಕಂಟೇನರಿನ ಹೆಸರು ಬರೋದು ಅಲ್ಲಿ ಮಾತ್ರ. ಅದನ್ನ ಕಾಪಾಡಿಕೊಂಡರೆ ನಾಳೆ ಸ್ಪ್ರಿಂಗ್ ಬಿಟ್ಟು ಕೈಯಿಂದ ‘ನ್ಯೂ’ ಹಾಕ್ತೀನಿ ಅಂದರೂ ಫೀಸರ್ವಿಸ್‌ನಲ್ಲಿ ಒಂದಕ್ಷರ ಬದಲಾಗಬೇಕಿಲ್ಲ.

ತಮ್ಮ: ಎಷ್ಟು ದೊಡ್ಡದಾದ ಮೇಲೆ ಚೌಕಟ್ಟು ತರಬೇಕು ಅಂತ ಲೆಕ್ಕ ಇದೆಯಾ?

ಅಕ್ಕ: ಕ್ಲಾಸುಗಳ ಎಣಿಕೆ ಮುಖ್ಯ ಅಲ್ಲ. ಬರೀ ಜೋಡಿಸೋದಕ್ಕಾದರೆ ಕೈಯೇ ಸಾಕು, ಕಂಪೈಲರ್ ಕಾವಲಿದೆ. ಬೇರೆ ಬೇರೆ ಆಯಸ್ಸಿನ ಆಬ್ಜೆಕ್ಟುಗಳು, ಟ್ರಾನ್ಸಾಕ್ಷನ್ ಥರದ ಹೊದಿಕೆ, ಸೆಟ್ಟಿಂಗ್‌ಗೆ ತಕ್ಕಂತೆ ಬದಲಾಗೋ ಗ್ರಾಫ್, ಇವೆಲ್ಲ ಒಟ್ಟಿಗೆ ಬಂದಾಗ ಕಂಟೇನರ್ ತನ್ನ ಖರ್ಚು ತಾನು ಹುಟ್ಟಿಸಿಕೊಳ್ಳುತ್ತೆ.

ತಮ್ಮ: ಸರಿ, ಈಗ ನಮ್ಮ ಆಫೀಸಿನ ವಿಷಯ. ಪ್ರಾಜೆಕ್ಟಿನಲ್ಲಿ ‘ಕಾಂಟೆಕ್ಸ್ಟ್‌ಲೋಡ್ಸ್’ ಅಂತ ಒಂದು ಟೆಸ್ಟ್ ಇದೆ. ಒಳಗೆ ಒಂದು ಸಾಲೂ ಇಲ್ಲ, ಖಾಲಿ. ಇದರಿಂದ ಬಿಲ್ಡ್ ನಿಧಾನ ಆಗುತ್ತೆ, ತೆಗೆದುಬಿಡೋಣ ಅಂತ ರಿವ್ಯೂನಲ್ಲಿ ಒಬ್ಬರು ಬರೆದಿದ್ದಾರೆ.

ಅಕ್ಕ: ಹೊಸ ಸ್ಪ್ರಿಂಗ್ ಬೂಟ್ ಪ್ರಾಜೆಕ್ಟ್ ಮಾಡಿದಾಗ ತಾನಾಗೇ ಬರೋ ಟೆಸ್ಟ್ ಅದು. ಮೆಥಡ್ ಖಾಲಿ, ಆದರೆ ಅದು ಓಡೋ ಮುಂಚೆ ಏನಾಗಿರಬೇಕು? ನೀನೇ ಹೇಳು.

ತಮ್ಮ: ಪಟ್ಟಿ ತುಂಬಿರಬೇಕು. ಗ್ರಾಫ್ ಬಿಡಿಸಿರಬೇಕು. ಸಿಂಗಲ್ಟನ್ನುಗಳೆಲ್ಲ ಹುಟ್ಟಿರಬೇಕು. ಓಹೋ, ಕೊರತೆ, ಚಕ್ರ, ಎರಡೆರಡು ಸಿಗೋದು ಎಲ್ಲ ಅಲ್ಲೇ ಸಿಕ್ಕಿಬೀಳುತ್ತೆ, ಕೋಡ್ ಮರ್ಜ್ ಆಗೋ ಮೊದಲೇ! ಆದರೆ ಸ್ಕೋಪ್ ತಪ್ಪು, ಆ ‘ದಿಸ್’ ತಪ್ಪು?

ಅಕ್ಕ: ‘ದಿಸ್’ ತಪ್ಪನ್ನ ಹಿಡಿಯೋದೇ ಇಲ್ಲ, ಸ್ಕೋಪ್ ತಪ್ಪನ್ನ ಯಾವಾಗಲೂ ಹಿಡಿಯುತ್ತೆ ಅಂತ ನಂಬೋಕಾಗಲ್ಲ. ಎರಡು ಬೇರೆ ಬೇರೆ ಪೋಷಕರ ಲಾಗಿನ್ನಿಂದ ಒಂದಾದ ಮೇಲೊಂದು ರಿಕ್ವೆಸ್ಟ್ ಕಳಿಸಿ ನೋಡೋ ಟೆಸ್ಟ್ ಒಂದು, ರಸೀದಿ ಬರೆಯೋವಾಗ ಬೇಕಂತಲೇ ಎಡವಿಸಿ ಹಣದ ದಾಖಲೆಯೂ ವಾಪಸ್ ಹೋಯಿತಾ ಅಂತ ನೋಡೋ ಟೆಸ್ಟ್ ಒಂದು, ಇವೆರಡನ್ನ ನೀನೇ ಬರೀಬೇಕು.

ತಮ್ಮ: ಹಾಗಾದರೆ ರಿವ್ಯೂನಲ್ಲಿ ‘ತೆಗೆಯಬೇಡಿ’ ಅಂತ ಉತ್ತರ ಹಾಕಿ, ಆ ಎರಡನ್ನೂ ಸೇರಿಸಿ ಕಳಿಸ್ತೀನಿ.

ಅಕ್ಕ: ಕಳಿಸು. ತೆಗೆಯಬೇಡಿ ಅಂತಷ್ಟೇ ಬರೀಬೇಡ, ಅದು ಯಾವ ಯಾವ ತಪ್ಪನ್ನ ಯಾವ ಹೊತ್ತಿಗೆ ಹಿಡಿಯುತ್ತೆ ಅಂತ ಎರಡು ಸಾಲು ಬರಿ. ಬಿಲ್ಡ್ ನಿಧಾನ ಅನ್ನೋದು ಅವರ ತಕರಾರು. ಅದೇ ತಪ್ಪು ಪ್ರೊಡಕ್ಷನ್‌ನಲ್ಲಿ ಸಿಕ್ಕರೆ ಎಷ್ಟು ಹೊತ್ತು ಹೋಗುತ್ತೆ ಅನ್ನೋದನ್ನ ಅವರೇ ಹೋಲಿಸಿ ನೋಡಲಿ.